ನೀರು ಒಗ್ಗಲಿಲ್ಲ ಎಂದುಕೊಂಡಿದ್ದೆವು

ಬಸ್ತಿಹಳ್ಳಿಯಲ್ಲಿ ನಮ್ಮ ಮೊದಲ ಬೆಳಗು ಅವ್ವನ ಕೂಗಿನಿಂದ ಶುರುವಾಯಿತು. ನಾನು ಹಿತ್ತಲ ಬಾಗಿಲಲ್ಲಿ ನಿಂತು, ಹಾಲು ಎಲ್ಲಿ ಸಿಗುತ್ತದೆ ಎಂದು ಅವಳಿಗೆ ಹೇಳುತ್ತಿದ್ದೆ. ಅವಳು ಹಾಸಿಗೆಯ ಮೇಲೆ ಎದ್ದು ಕೂತು ನನ್ನ ಮುಖವನ್ನೇ ನೋಡುತ್ತಿದ್ದವಳು ಒಮ್ಮೆಲೇ ಚೀರಿದಳು.

"ಏ ಶಶೀ, ನಿನ್ನ ಬಾಯಾಗಿಂದ ಹೊಗಿ ಬರಾಕತ್ತೈತಿ!"

ಅದು ಹೊಗೆಯಲ್ಲ, ಚಳಿಗೆ ಉಸಿರು ಹೀಗೆ ಕಾಣುತ್ತದೆ ಎಂದು ವಿವರಿಸಿದೆ. ನಂಬಲಿಲ್ಲ. ತನ್ನ ಬಾಯಿಂದಲೂ ಅದೇ ಬಂದಾಗ ಕೈ ಅಡ್ಡ ಹಿಡಿದು ಮುಚ್ಚಿಕೊಂಡಳು. ಸಿಂಧನೂರಿನ ಬಿಸಿಲಲ್ಲಿ ಅರವತ್ತಾರು ವರ್ಷ ಕಳೆದ ಹೆಂಗಸಿಗೆ ತನ್ನ ಉಸಿರು ಕಣ್ಣಿಗೆ ಕಂಡದ್ದು ಅದೇ ಮೊದಲು.

ನಾನು ವಸತಿ ಶಾಲೆಯ ವಿಜ್ಞಾನ ಶಿಕ್ಷಕಿ. ಮದುವೆಯಾಗಿಲ್ಲ. ಸಿಂಧನೂರಿನಲ್ಲಿ ಅವ್ವ ಮತ್ತು ನಾನು ಇಬ್ಬರೇ ಇದ್ದೆವು. ಅಣ್ಣನ ಸಂಸಾರ ನಮ್ಮ ಪಕ್ಕದ ಓಣಿಯಲ್ಲಿ. ಹಳೇಬೀಡಿನ ಕಡೆಗೆ ವರ್ಗವಾದಾಗ ಅಣ್ಣ, "ನೀನು ಹೋಗು, ಅವ್ವ ನನ್ನ ಹತ್ರ ಇರ್ಲಿ" ಅಂದ. ಅವ್ವ ಒಪ್ಪಲಿಲ್ಲ. "ಅಕಿ ಒಬ್ಬಾಕಿ ಅನ್ನ ಮಾಡ್ಕೊಂಡು ಉಣ್ಣಾದು ನಂಗ ಗೊತ್ತೈತಿ" ಎಂದು ತನ್ನ ಟ್ರಂಕು ತುಂಬಿದಳು. ಹಾಗೆ ಕಾರ್ತಿಕ ಮಾಸ ಮುಗಿಯುವ ಹೊತ್ತಿಗೆ ನಾವು ರೈಲಿನಲ್ಲಿ ಅರಸೀಕೆರೆಗೆ ಬಂದು, ಅಲ್ಲಿಂದ ಬಸ್ಸು ಹತ್ತಿ ಹಳೇಬೀಡಿನಲ್ಲಿ ಇಳಿದೆವು.

ಮನೆ ಸಿಗುವುದೇನೂ ಸುಲಭವಾಗಲಿಲ್ಲ. ನಮ್ಮ ಕಡೆ ಬಾಡಿಗೆ ಕೇಳಲು ಹೋದರೆ ಮೊದಲು ನೀರು ಕೊಟ್ಟು ಆಮೇಲೆ ಪ್ರಶ್ನೆ ಕೇಳುತ್ತಾರೆ. ಇಲ್ಲಿ ಪ್ರಶ್ನೆ ಮೊದಲು. "ಮದ್ವೆ ಆಗಿಲ್ವಾ? ಯಾಕೆ?" ಎಂದು ನಾಲ್ಕು ಮನೆಯ ಬಾಗಿಲಲ್ಲಿ ಕೇಳಿಸಿಕೊಂಡು ಐದನೆಯದಕ್ಕೆ ಬಂದಾಗ ಪದ್ಮಾವತಮ್ಮ ಸಿಕ್ಕರು. ಜೈನರು, ಹಳೇಬೀಡಿಗೆ ಅಂಟಿಕೊಂಡೇ ಇರುವ ಬಸ್ತಿಹಳ್ಳಿಯಲ್ಲಿ ಬಸದಿಗಳ ಹಿಂದಿನ ಬೀದಿಯಲ್ಲಿ ಸ್ವಂತ ಮನೆ. ಅವರ ಯಜಮಾನರಿಗೆ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಮನೆಯ ಒಂದು ಭಾಗಕ್ಕೆ ತಾರಸಿ ಹಾಕಿ ಅದರಲ್ಲಿ ತಾವಿದ್ದರು. ಹೆಂಚಿನ ಹಳೆಯ ಭಾಗ ಖಾಲಿ ಬಿದ್ದಿತ್ತು. ಆಯಮ್ಮ ನನ್ನನ್ನು ಏನೂ ಕೇಳಲಿಲ್ಲ. ಅವ್ವನ ಕೊರಳಲ್ಲಿದ್ದ ಲಿಂಗದ ಕರಡಿಗೆ ನೋಡಿ, "ನೀವೂ ಮಾಂಸ ತಿನ್ನಲ್ಲ, ನಾವೂ ತಿನ್ನಲ್ಲ. ಬನ್ನಿ" ಅಂದರು. ಅಷ್ಟೇ.

ನಮ್ಮಲ್ಲಿ ರಾತ್ರಿ ಊಟವೆಂದರೆ ಒಂಬತ್ತರ ಮೇಲೆ. ಪದ್ಮಾವತಮ್ಮನ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಪಾತ್ರೆ ತೊಳೆದು ಬೋರಲು ಹಾಕಿರುತ್ತಾರೆ. ನಮ್ಮ ಕಟ್ಟೆ ಇಲ್ಲಿ ಜಗುಲಿ. ನಮ್ಮ "ಐತಿ" ಇಲ್ಲಿ "ಐತೆ", ಒಂದು ಅಕ್ಷರದ ಗುಣಿತದಷ್ಟೇ ದೂರ, ಆದರೂ ಅಂಗಡಿಯಲ್ಲಿ ಬಾಯಿ ತೆಗೆದ ಕೂಡಲೇ, "ಯಾವ ಕಡೆಯೋರು ನೀವು?" ಎನ್ನುತ್ತಿದ್ದರು. ಅವ್ವನಿಗೆ ರಾಗಿಮುದ್ದೆ ನುಂಗಲು ಬರಲಿಲ್ಲ. ಅಗಿದಳು, ಹಲ್ಲಿಗೆ ಮೆತ್ತಿತು. ಜೋಳದ ಹಿಟ್ಟಿಗಾಗಿ ಬೇಲೂರಿನ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಒಂದರಲ್ಲಿ ಸಿಕ್ಕ ದಿನ ಅವ್ವ ರೊಟ್ಟಿ ಬಡಿದ ಸದ್ದಿಗೆ ಪದ್ಮಾವತಮ್ಮ ಗಾಬರಿಯಾಗಿ ಓಡಿ ಬಂದರು. ಅವತ್ತು ಮೂವರೂ ಒಲೆಯ ಮುಂದೆ ಕೂತು ನಕ್ಕೆವು. ಈ ಊರಲ್ಲಿ ಬದುಕಬಹುದು ಅನ್ನಿಸಿದ್ದು ಆಗ.

ಆದರೆ ನೀರು ಮಾತ್ರ ಸೋಲಿಸಿಬಿಟ್ಟಿತು. ಸಿಂಧನೂರಲ್ಲಿ ತಾರಸಿ ಮೇಲಿನ ಟ್ಯಾಂಕಿನಿಂದ ಬರುವ ನೀರಿಗೆ ಬೇಸಿಗೆಯಲ್ಲಿ ತಣ್ಣೀರು ಬೆರೆಸಿಕೊಳ್ಳಬೇಕು. ಇಲ್ಲಿ ನಲ್ಲಿಗೆ ಕೈ ಒಡ್ಡಿದರೆ ಬೆರಳು ಸೆಟೆದುಕೊಳ್ಳುತ್ತಿದ್ದವು. ಅವ್ವ ಮೂರು ದಿನಕ್ಕೊಮ್ಮೆ ಸ್ನಾನ ಮಾಡತೊಡಗಿದಳು. ಸ್ನಾನವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ಸೊರಗಿದಳು. ಪದ್ಮಾವತಮ್ಮನೇ ಹೇಳಿದರು: "ಬಾಯ್ಲರ್ ಹಾಕ್ಸ್‌ಬಿಡಿ ಶಶಿಕಲಾ. ಚಿಪ್ಪು ನಮ್ಮಲ್ಲಿ ರಾಶಿ ಬಿದ್ದಿದೆ, ಉರಿಸ್ಕೊಳ್ಳಿ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಇಲ್ಲಿ ಬಾಯ್ಲರ್ ಎಂದರೆ ಆಳೆತ್ತರದ ತಾಮ್ರದ ಹಂಡೆ. ನಡುವೆ ಟೊಳ್ಳು, ಅಡಿಯಲ್ಲಿ ಬೆಂಕಿಗೂಡು, ಮೇಲೆ ಹೊಗೆ ಹೋಗಲು ತಗಡಿನ ಪೈಪು. ಬಚ್ಚಲುಮನೆಯ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಉರುವಲು ತೆಂಗಿನ ಮಟ್ಟೆ ಮತ್ತು ಚಿಪ್ಪು, ಅಂದರೆ ಕೊಬ್ಬರಿ ತೆಗೆದುಳಿದ ಕರಟ. ಒಮ್ಮೆ ಚಿಪ್ಪು ಹತ್ತಿಕೊಂಡರೆ ಹೊಗೆ ನಿಂತುಹೋಗಿ ಕೆಂಡ ಗಂಟೆಗಟ್ಟಲೆ ನಿಗಿನಿಗಿ ಅನ್ನುತ್ತಿರುತ್ತದೆ.

ಅರಸೀಕೆರೆಯಿಂದ ಬಾಯ್ಲರ್ ತಂದೆವು. ಕೂರಿಸಿದವನು ಹಳೇಬೀಡಿನ ನಾಗರಾಜಣ್ಣ, ಐವತ್ತು ದಾಟಿದ ಮನುಷ್ಯ, ನಲ್ಲಿ, ಪೈಪು, ವೆಲ್ಡಿಂಗು ಎಲ್ಲವನ್ನೂ ಮಾಡುವವನು. ಬೆಳಿಗ್ಗೆ ಬಂದು ಮಧ್ಯಾಹ್ನದೊಳಗೆ ಮುಗಿಸಿದ. ಮಟ್ಟೆ ಹೊತ್ತಿಸಿ, ನಮ್ಮನ್ನು ಅಂಗಳಕ್ಕೆ ಕರೆದು ಹೆಂಚಿನ ಕಡೆ ಕೈ ತೋರಿಸಿದ. "ನೋಡಿ ಮೇಡಮ್ಮೋರೆ, ಹೊಗೆ ಎಂಗೆ ಆಚೆ ಬತ್ತಾ ಐತೆ." ನಿಜ, ಮಾಡಿನಿಂದ ಹೊಗೆ ಏಳುತ್ತಿತ್ತು. ಎಲ್ಲಿಂದ ಏಳುತ್ತಿದೆ ಎಂದು ನಾನು ನೋಡಲಿಲ್ಲ.

ಅವತ್ತು ಅವ್ವ ಮಾಡಿದ ಸ್ನಾನವನ್ನು ಮರೆಯಲಾರೆ. ಅರ್ಧ ಗಂಟೆ ಬಚ್ಚಲಿಂದ ಹೊರಬರಲಿಲ್ಲ. ಒಳಗಿನಿಂದ ಹಾಡು. ಅವಳ ಕೋಣೆ ಬಚ್ಚಲಿಗೆ ಅಂಟಿಕೊಂಡೇ ಇತ್ತು, ಗೋಡೆಯೂ ಬೆಚ್ಚಗಾಯಿತು. "ಈಗ ಊರು ಊರಿನಂಗಾತು ನೋಡು" ಅಂದಳು. ಅವಳನ್ನು ಕರೆದುಕೊಂಡು ಬಂದ ತಪ್ಪು ನನ್ನ ಎದೆಯಿಂದ ಇಳಿಯಿತು.

ಹದಿನೈದು ದಿನ ಕಳೆದಿರಬೇಕು, ಅವ್ವನಿಗೆ ತಲೆನೋವು ಶುರುವಾಯಿತು. ನನಗೂ ಬರುತ್ತಿತ್ತು, ಆದರೆ ಭಾನುವಾರ ಮಾತ್ರ. ಶಾಲೆಯಿದ್ದ ದಿನ ಪಾಠ, ಮಕ್ಕಳು, ಗದ್ದಲ. ಭಾನುವಾರ ಮನೆಯಲ್ಲಿ ಕೂತರೆ ಊರು ನೆನಪಾಗಿ ತಲೆ ಸಿಡಿಯುತ್ತದೆ ಎಂದು ನಾನೇ ಅರ್ಥ ಹಚ್ಚಿಕೊಂಡೆ. ಒಂಟಿತನಕ್ಕೆ ಹೀಗೂ ಮೈ ಇರುತ್ತದೆಯೇ ಎಂದು ಆಶ್ಚರ್ಯಪಟ್ಟೆ. ಬೀದಿಯವರೆಲ್ಲ ಒಂದೇ ಮಾತು ಹೇಳಿದರು: "ಹೊಸ ಊರಲ್ವಾ, ನೀರು ಒಗ್ಗಿಲ್ಲ." ಅವ್ವನಿಗೆ ವಾಕರಿಕೆ ಬಂದಾಗ ಅದೇ ಮಾತು. ಕಾಲು ಸೋತು ಗೋಡೆ ಹಿಡಿದು ನಡೆದಾಗ ಅದೇ ಮಾತು. ನಾವೂ ಅದನ್ನೇ ಹೇಳಿಕೊಂಡೆವು. ಅಣ್ಣನಿಗೆ ಫೋನಿನಲ್ಲಿ ಹೇಳಿದೆ, "ಅವ್ವಗ ಇಲ್ಲಿ ನೀರು ಒಗ್ಗವಲ್ದು."

ಆಮೇಲೆ ಅವಳ ಮನಸ್ಸು ಜಾರತೊಡಗಿತು. ಒಂದು ಸಂಜೆ ಶಾಲೆಯಿಂದ ಬಂದರೆ ಜಗುಲಿಯ ಮೇಲೆ ಟ್ರಂಕು ಇಟ್ಟುಕೊಂಡು ಕೂತಿದ್ದಳು.

"ಬಸ್ಸು ಬಂತೇನು?"

"ಯಾವ ಬಸ್ಸವ್ವಾ?"

"ಊರಿಗೆ ಕಳಿಸವ್ವಾ ನನ್ನ. ನಿನ್ನ ಕಾಲಿಗೆ ಬೀಳ್ತೀನಿ. ಈ ಮನಿ ನನ್ನ ತಲಿ ಹಿಂಡಾಕತ್ತೈತಿ."

ಹೆತ್ತವಳು ಮಗಳ ಕಾಲಿಗೆ ಬೀಳುತ್ತೇನೆ ಎನ್ನುವುದನ್ನು ಕೇಳಿಸಿಕೊಂಡವರಿಗೆ ಗೊತ್ತು ಅದೇನೆಂದು. ಬೇರು ಕಿತ್ತ ವಯಸ್ಸಾದವರಿಗೆ ಮರೆವು ಬೇಗ ಬರುತ್ತದೆ ಎಂದು ಎಲ್ಲೋ ಕೇಳಿದ್ದೆ. ನನ್ನ ಕೆಲಸಕ್ಕಾಗಿ ಅವ್ವನ ಬುದ್ಧಿಯನ್ನೇ ಕೆಡಿಸಿದೆ ಎಂದುಕೊಂಡೆ. "ಈ ಮನೆ" ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು. ನಾನು ಕೇಳಿಸಿಕೊಂಡದ್ದು "ಈ ಊರು" ಎಂದು.

ಅದೇ ವಾರ ಸಮುದ್ರದ ಕಡೆ ಚಂಡಮಾರುತವಂತೆ, ಇಲ್ಲಿ ಮೂರು ದಿನ ಜಿಟಿಜಿಟಿ ಮಳೆ. ಹೆಂಚು ಸೋರಿತು. ಪದ್ಮಾವತಮ್ಮನ ಯಜಮಾನರು ಆಳು ಕರೆಸಿ ಮಾಡಿಗೆ ಟಾರ್ಪಾಲು ಹೊದಿಸಿದರು. ಮಾರನೆಯ ದಿನ ಬೆಳಿಗ್ಗೆ ಅವ್ವ ಅಡುಗೆಮನೆಯಲ್ಲಿ ಬಿದ್ದಳು.

ಬೇಲೂರಿಗೆ ಕರೆದೊಯ್ದು ಒಂದು ಆಸ್ಪತ್ರೆಗೆ ಸೇರಿಸಿದೆ. ಎರಡನೆಯ ದಿನಕ್ಕೆ ಅವಳು ಎದ್ದು ಕೂತು ಇಡ್ಲಿ ತಿಂದಳು, ಪಕ್ಕದ ಹಾಸಿಗೆಯವಳ ಮಕ್ಕಳ ಹೆಸರು ಕೇಳಿದಳು. ನಿಶ್ಶಕ್ತಿ, ಹವೆ ಬದಲಾವಣೆ ಎಂದರು ವೈದ್ಯರು. ಅವರದೇನೂ ತಪ್ಪಿಲ್ಲ, ಬಾಯ್ಲರಿನ ಮಾತನ್ನು ನಾನೇ ಎತ್ತಿರಲಿಲ್ಲ. ಅದು ನಮ್ಮ ಮನೆಯ ಒಂದೇ ಒಂದು ಸುಖವಾಗಿತ್ತು, ಕಾಯಿಲೆಯ ಪಟ್ಟಿಯಲ್ಲಿ ಅದನ್ನು ಯಾರು ಸೇರಿಸುತ್ತಾರೆ?

ಮೂರನೆಯ ದಿನ ಬೆಳಿಗ್ಗೆ ಮನೆಗೆ ಬಂದೆವು. ಆಸ್ಪತ್ರೆಯಿಂದ ಬರುವವಳಿಗೆ ಬಿಸಿನೀರಿರಲಿ ಎಂದು ಪದ್ಮಾವತಮ್ಮ ಬಾಯ್ಲರಿಗೆ ಚಿಪ್ಪು ತುಂಬಿ ಕಾಯಿಸಿಟ್ಟಿದ್ದರು. ಅವ್ವ ಸ್ನಾನ ಮಾಡಿ ಕೋಣೆಯಲ್ಲಿ ಮಲಗಿದಳು. ಚಳಿಗಾಳಿ ಬರುತ್ತದೆಂದು ಕಿಟಕಿ ಮುಚ್ಚಿ, ಬಾಗಿಲು ಎಳೆದುಕೊಂಡು ನಾನೂ ಅವಳ ಪಕ್ಕ ಒರಗಿದೆ.

ಎಚ್ಚರವಾದಾಗ ಮಧ್ಯಾಹ್ನ. ತಲೆಯೊಳಗೆ ಒನಕೆ ಕುಟ್ಟಿದಂತೆ. ಅವ್ವನನ್ನು ಅಲುಗಾಡಿಸಿದೆ. ಮುಖ ಕೆಂಪಗೆ, ಆರೋಗ್ಯವಂತರ ಹಾಗೆ ಹೊಳೆಯುತ್ತಿತ್ತು, ಆದರೆ ಕಣ್ಣು ತೆರೆಯಲಿಲ್ಲ. ಏಳಲು ಹೋದೆ, ಕಾಲು ನನ್ನವಲ್ಲ. ಹತ್ತಿಯ ಮೂಟೆಯ ಹಾಗೆ ಕುಸಿದೆ. ಕೂಗಿದೆನೆಂದುಕೊಂಡೆ, ದನಿ ಬಂದಿತೋ ಇಲ್ಲವೋ. ಅವ್ವ ಮಲಗಿದ್ದ ಚಾಪೆಯ ತುದಿ ಹಿಡಿದು ಕೂತಲ್ಲಿಂದಲೇ ಹಿಂದಕ್ಕೆ ಜಾರುತ್ತಾ ಎಳೆದೆ. ಹೊಸ್ತಿಲಿಗೆ ಬಂದಾಗ ನನಗೆ ವಾಂತಿಯಾಯಿತು. ಪಾತ್ರೆ ತೊಳೆಯುತ್ತಿದ್ದ ಪದ್ಮಾವತಮ್ಮ ಸದ್ದು ಕೇಳಿ ಓಡಿ ಬಂದವರು, "ಅಯ್ಯೋ ಇದೇನ್ರೀ ಇದು, ಇಬ್ರೂ ಹಿಂಗಾಗಿದೀರಲ್ಲ!" ಎಂದು ಅವ್ವನ ಕಂಕುಳಿಗೆ ಕೈ ಹಾಕಿ ಜಗುಲಿಗೆ ತಂದರು. ಬೀದಿಯವರು ಆಟೋ ಕರೆಸಿದರು.

ಬೇಲೂರು ರಸ್ತೆಯಲ್ಲಿ ಆಟೋದ ಎರಡೂ ಕಡೆಯಿಂದ ಗಾಳಿ ನುಗ್ಗುತ್ತಿತ್ತು. ಅವ್ವನ ತಲೆ ನನ್ನ ತೊಡೆಯ ಮೇಲೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳು ನರಳಿದಳು. ನನ್ನ ತಲೆಯೂ ತಿಳಿಯಾಗುತ್ತಿತ್ತು. ನಾನು ಮದ್ದು ತಗೊಂಡಿರಲಿಲ್ಲ, ಹನಿ ನೀರೂ ಕುಡಿದಿರಲಿಲ್ಲ. ಬರೀ ಗಾಳಿ. ಶಾಲೆಯಲ್ಲಿ ಬಾರದ ತಲೆನೋವು. ಆಸ್ಪತ್ರೆಯಲ್ಲಿ ಬಿಟ್ಟುಹೋದ ಕಾಯಿಲೆ. ಹೊಗೆಯಿಲ್ಲದ ಕೆಂಡ.

ಹನ್ನೊಂದು ವರ್ಷದಿಂದ ಎಂಟನೆಯ ತರಗತಿಗೆ ದಹನದ ಪಾಠ ಮಾಡುತ್ತಿದ್ದೇನೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬಾರದು, ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ ಎಂದು ಬೋರ್ಡಿನ ಮೇಲೆ ಬರೆಸಿದ್ದೇನೆ, ಪರೀಕ್ಷೆಯಲ್ಲಿ ಕೇಳಿದ್ದೇನೆ, ತಪ್ಪು ಬರೆದವರಿಗೆ ಅಂಕ ಕಳೆದಿದ್ದೇನೆ. ಆ ಆಟೋದಲ್ಲಿ ನನಗಾದ ನಾಚಿಕೆಯನ್ನು ಹೇಗೆ ಹೇಳಲಿ? ಅವ್ವನ ಮುಖದ ಮೇಲೆ ಬಾಗಿ, "ಉಸಿರು ತಗೋ ಅವ್ವಾ, ಜೋರಾಗಿ ತಗೋ" ಎಂದು ಅರಚುತ್ತಿದ್ದೆ. ಚಾಲಕ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ವೇಗ ಹೆಚ್ಚಿಸಿದ.

ಆಸ್ಪತ್ರೆಯ ಬಾಗಿಲಲ್ಲೇ ವೈದ್ಯೆಗೆ ಬಾಯ್ಲರಿನ ವಿಷಯ ಹೇಳಿದೆ. ಆಕೆ ಮರುಮಾತಾಡದೆ ಅವ್ವನಿಗೆ ಆಮ್ಲಜನಕ ಹಾಕಿಸಿ, ಆ ಸಿಲಿಂಡರಿನ ಜೊತೆಗೇ ಹಾಸನಕ್ಕೆ ಕಳಿಸಿದರು. "ನೀವು ಬೇಗ ಹೇಳಿದ್ದು ಒಳ್ಳೇದಾಯ್ತು" ಅಂದರು. ಬೇಗ! ನನಗೆ ಅಲ್ಲೇ ನೆಲಕ್ಕೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಅವ್ವ ನಾಲ್ಕನೆಯ ದಿನ ನನ್ನ ಹೆಸರು ಹಿಡಿದು ಕರೆದಳು. ಅಷ್ಟರಲ್ಲಿ ಅಣ್ಣ ಬಂದಿದ್ದ. ಅವನನ್ನು ಅವಳ ಹತ್ತಿರ ಬಿಟ್ಟು ನಾನು ಬಸ್ತಿಹಳ್ಳಿಗೆ ಬಂದೆ. ನೇರ ನಾಗರಾಜಣ್ಣನ ಮನೆಗೆ ಹೋಗಿ ಅವನನ್ನು ಕರೆತಂದೆ. ಬಚ್ಚಲಿಗೂ ಅವ್ವನ ಕೋಣೆಗೂ ಸೇರಿ ಮೇಲೆ ಒಂದೇ ಹಲಗೆಯ ಅಟ್ಟವಿತ್ತು. ಅವನು ಏಣಿ ಹಾಕಿ ಹತ್ತಿದ. ಬಹಳ ಹೊತ್ತು ಇಳಿಯಲಿಲ್ಲ. ಇಳಿದು ಬಂದವನು ಏಣಿಯ ಬುಡದಲ್ಲೇ ಕೂತ.

"ಹೇಳಿ ನಾಗರಾಜಣ್ಣ."

"ಪೈಪು ಅಟ್ಟದಾಗೇ ನಿಂತೈತೆ ಮೇಡಮ್ಮೋರೆ. ಹೆಂಚಿಂದ ಆಚಿಕೆ ಹೋಗಿಲ್ಲ."

"ಯಾಕೆ ಹೋಗಿಲ್ಲ?"

"ಒಂದು ಪೈಪು ಸಾಲ್ದಾಗೋಯ್ತು. ಹೊಗೆ ಎಂಗೂ ಹೆಂಚಿನ ಸಂದೀಲಿ ಹೋಯ್ತದಲ್ಲ, ಆಮ್ಯಾಕೆ ತಂದು ಹಾಕಾನ ಅಂದ್ಕಂಡೆ." ಕೈಯ ಮಸಿ ಒರೆಸಿಕೊಂಡ. "ಮರ್ತೋದೆ."

ಆ ಸಂದನ್ನೂ ಮಳೆಗೆ ಹೊದಿಸಿದ ಟಾರ್ಪಾಲು ಮುಚ್ಚಿತ್ತು. ಒಂದು ಮೊಳದ ತಗಡು. ಇಡೀ ಊರನ್ನು ನಾನು ದೂರಿದ್ದೆ. ಇಲ್ಲಿನ ನೀರನ್ನು, ಚಳಿಯನ್ನು, ಮುದ್ದೆಯನ್ನು, ಕೊನೆಗೆ ನನ್ನನ್ನು. ಅವನ ಮೇಲೆ ಕೈ ಎತ್ತುವಷ್ಟು ಸಿಟ್ಟು ಬಂದಿತ್ತು. ಎತ್ತಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಾಯಿಗೆ ಬಂತು.

"ಇನ್ನೆಷ್ಟು ಮನೇಲಿ ಹೀಗೆ ಬಿಟ್ಟಿದ್ದೀರಿ?"

ಅವನು ತಲೆ ಎತ್ತಲಿಲ್ಲ. "ಎಲ್ಡು."

"ಏಳಿ. ಈಗಲೇ ಹೋಗೋಣ."

ಮೊದಲನೆಯ ಮನೆಯಲ್ಲಿ ಬಚ್ಚಲು ಹಿತ್ತಲಲ್ಲಿ ಬಯಲಿಗೆ ತೆರೆದುಕೊಂಡಿತ್ತು, ತೊಂದರೆಯಿರಲಿಲ್ಲ. ಎರಡನೆಯದು ಹಳೇಬೀಡಿನ ಕೆರೆಯ ಹತ್ತಿರ. ಬಾಗಿಲು ತೆಗೆದವರು ಪುಟ್ಟಮ್ಮ ಎಂಬ ಹಿರಿಯ ಹೆಂಗಸು. ಬಾಯ್ಲರ್ ನೋಡಬೇಕು ಅಂದೆವು.

"ಈಗ್ಲೇ ಬ್ಯಾಡ ಕಣ್ರವ್ವ. ಸೊಸೆ ಬಾಣ್ತಿ. ಬೆಚ್ಚಗಿರ್ಲಿ ಅಂತ ಬಚ್ಚಲ ಪಕ್ಕದ ಕೋಣೇಲಿ ಮಲಗ್ಸೀವ್ನಿ."

ನಾನು ಹೊಸ್ತಿಲಿಗೆ ಕಾಲಿಟ್ಟೆ. "ಆಕೆಗೆ ತಲೆನೋವಿದೆಯಾ?"

"ಐತೆ. ಬಾಣ್ತನ್ದಾಗೆ ಇರಲ್ವಾ? ಮಗೀಗೆ ನಿನ್ನೆಯಿಂದ ಬರೀ ನಿದ್ದೆ, ಹಾಲೂ ಸರ್ಯಾಗಿ ಕುಡೀತಿಲ್ಲ."

ನಾನು ಒಳಗೆ ನುಗ್ಗಿದೆ. "ಬಾಗ್ಲು ತಗೀಬ್ಯಾಡಿ, ಸೀತ ಆಯ್ತದೆ!" ಎಂದು ಪುಟ್ಟಮ್ಮ ನನ್ನ ಸೆರಗು ಹಿಡಿದು ಎಳೆದರು. ಬಿಡಿಸಿಕೊಂಡು ಕೋಣೆಯ ಬಾಗಿಲು ದೂಡಿದೆ. ಮಗುವನ್ನು ಬಟ್ಟೆಯ ಸಮೇತ ಎತ್ತಿ ಪುಟ್ಟಮ್ಮನ ಕೈಗೆ ಹಾಕಿ, "ಅಂಗಳಕ್ಕೆ ಓಡಿ" ಅಂದೆ. ನನ್ನ ದನಿಗೆ ಅವರು ಹೆದರಿದರೋ ಏನೋ, ಓಡಿದರು. ಬಾಣಂತಿ ಗೋಡೆ ಹಿಡಿದು ತೂರಾಡುತ್ತಿದ್ದಳು. ಅವಳನ್ನು ತಬ್ಬಿಕೊಂಡು ಹೊರತಂದೆ. ನಾಗರಾಜಣ್ಣ ಬಚ್ಚಲಿಗೆ ನುಗ್ಗಿ ಬೆಂಕಿಗೂಡಿಗೆ ಕೊಡ ಕೊಡ ನೀರು ಸುರಿದ.

ಅಂಗಳದಲ್ಲಿ ಮಗು ಅಲುಗಾಡಲಿಲ್ಲ. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಅದರ ಅಂಗಾಲನ್ನು ತಟ್ಟಿದೆ, ಉಜ್ಜಿದೆ. ಆಮೇಲೆ ಅದು ಮೂಗು ಸುಕ್ಕಿಸಿ, ಬಾಯಿ ಸೊಟ್ಟ ಮಾಡಿ, ಕ್ಷೀಣವಾಗಿ ಅತ್ತಿತು. ಇನ್ನೊಮ್ಮೆ, ಜೋರಾಗಿ. ನಾಗರಾಜಣ್ಣ ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತವನು ಗೋಡೆಗೆ ಮುಖ ತಿರುಗಿಸಿ ಬಿಕ್ಕಿ ಬಿಕ್ಕಿ ಅತ್ತ. ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿದೆವು; ಇಬ್ಬರೂ ಉಳಿದರು. ಅದೇ ದಿನ ಅರಸೀಕೆರೆಗೆ ಹೋಗಿ ಪೈಪು ತಂದ ಅವನು ಹೊತ್ತು ಮುಳುಗುವುದರೊಳಗೆ ಮೂರೂ ಮನೆಯ ಹೆಂಚು ತೆಗೆದು ಆಚೆಗೆ ಹಾಯಿಸಿದ. ನಾನು ಪ್ರತಿ ಮನೆಯ ಅಂಗಳದಲ್ಲೂ ನಿಂತು, ಹೊಗೆ ಎಲ್ಲಿಂದ ಏಳುತ್ತದೆ ಎಂದು ಈ ಸಲ ನೋಡಿದೆ.

ಅವ್ವ ಉಳಿದಳು, ಆದರೆ ಪೂರ್ತಿ ಉಳಿಯಲಿಲ್ಲ. ಬಲಗೈ ನಡುಗುತ್ತದೆ. ಹಳೆಯದೆಲ್ಲ ನೆನಪಿದೆ, ತನ್ನ ತವರಿನ ಎತ್ತುಗಳ ಹೆಸರು ಕೂಡ. ಈ ಊರಿಗೆ ಬಂದದ್ದು, ಪದ್ಮಾವತಮ್ಮ, ರೊಟ್ಟಿ ಬಡಿದು ನಕ್ಕದ್ದು ಯಾವುದೂ ಇಲ್ಲ. ಹಾಸನದಿಂದಲೇ ಅಣ್ಣ ಅವಳನ್ನು ಊರಿಗೆ ಕರೆದುಕೊಂಡು ಹೋದ. ಹೊರಡುವ ದಿನ ನೋಡಲು ಬಂದ ಪದ್ಮಾವತಮ್ಮನನ್ನು, "ನೀವು ಯಾರ ಪೈಕಿ?" ಎಂದು ಮರ್ಯಾದೆಯಿಂದ ಕೇಳಿದಳು. ಅವರು ನನ್ನ ಕಡೆ ನೋಡದೆ, "ಶಶಿಕಲಾ ಪೈಕಿ ಕಣಮ್ಮ" ಅಂದರು.

ಅಣ್ಣ ನನ್ನನ್ನೂ ಬಾ ಎಂದ. ಕೆಲಸಕ್ಕೆ ರಾಜೀನಾಮೆ ಕೊಡು ಎಂದ. ಸಿಟ್ಟಿನಿಂದಲ್ಲ, ಕಣ್ಣಲ್ಲಿ ನೀರು ತಂದುಕೊಂಡು. ನಾನು ಹೋಗಲಿಲ್ಲ. ಯಾಕೆಂದು ಅವನಿಗೆ ಹೇಳಲಾಗಲಿಲ್ಲ, ನಿಮಗೂ ಸರಿಯಾಗಿ ಹೇಳಲಾರೆ. ಕೆಲಸದ ಅಗತ್ಯವಿತ್ತು, ಅದೊಂದು. ಕೆರೆಯ ಹತ್ತಿರದ ಆ ಮನೆಯಲ್ಲಿ ಮಗುವನ್ನು ನನ್ನ ಮಡಿಲಲ್ಲಿ ಮಲಗಿಸಿಯೇ ಹೆಸರಿಟ್ಟರು, ಅದೊಂದು. ಈಗ ತಲೆನೋವಿಲ್ಲ. ಭಾನುವಾರ ಮಾತ್ರ ಎದೆಯಲ್ಲೇನೋ ಭಾರವಾಗುತ್ತದೆ, ಮತ್ತು ಅದಕ್ಕೆ ದೂರಲು ಯಾವ ಪೈಪೂ ಇಲ್ಲ.

ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಬಸದಿಯ ಮುಂದಿನ ಹುಲ್ಲಿನ ಮೇಲೆ ಕೂತು ಅವ್ವನಿಗೆ ಫೋನು ಮಾಡುತ್ತೇನೆ. ಅವಳು ದಿನಾ ಹೊಸದಾಗಿ ಕೇಳುತ್ತಾಳೆ.

"ಯಾವ ಊರಾಗ ಅದೀಯವ್ವಾ?"

"ಹಳೇಬೀಡು ಅಂತ, ಅವ್ವ."

"ಹೆಂಗೈತಿ ಊರು?"

ನಾನು ಹೇಳುತ್ತೇನೆ. ತಣ್ಣಗೈತಿ ಅವ್ವ, ತೆಂಗಿನ ಗಿಡ ಭಾಳ ಅದಾವ, ಮಂದಿ ಮೊದಲು ಪ್ರಶ್ನೆ ಕೇಳ್ತಾರ, ಆಮ್ಯಾಲೆ ನೀರು ಕೊಡ್ತಾರ, ಆದ್ರ ಕೊಡ್ತಾರ. ಅವಳು ಎಂದೂ ಕಾಣದ ಊರಿನ ಕಥೆ ಕೇಳುವವಳ ಹಾಗೆ ಹ್ಞೂಂಗುಡುತ್ತಾಳೆ. ಆಮೇಲೆ ಒಂದು ಸಂಜೆಯೂ ಬಿಡದೆ ಅಂದೇ ಅನ್ನುತ್ತಾಳೆ:

"ಚಲೋ ಐತಿ ಅನ್ನು ಹಂಗಾರ. ನನ್ನೂ ಒಮ್ಮಿ ಕರ್ಕೊಂಡು ಹೋಗು."